ಮುಚ್ಚಿದ್ದ ಒಂದು ತೂತು: ಹಳೆಯ ಏರ್ ಕಾಲೆಟ್ ಫಿಕ್ಸ್ಚರ್ ಒಂದರ ಪ್ರಕರಣ

ಇದು ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಡೆದದ್ದು. ವರ್ಕ್‌ಶಾಪಿನ ಹೆಸರು, ಅಲ್ಲಿ ಕೆಲಸ ಮಾಡುವವರ ಹೆಸರು, ಸಾಮಾನು ಮಾರಿದವರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಅಳತೆಗಳು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಹಾಗೇ ಇವೆ. ಫಿಕ್ಸ್ಚರನ್ನು, ಅಂದರೆ ಗಾಳಿಯ ಒತ್ತಡದಿಂದ ರಾಡನ್ನು ಹಿಡಿದಿಡುವ ಸಾಧನವನ್ನು, ಬಿಚ್ಚಿದವನು, ರಿಪೇರಿ ಮಾಡಿದವನು ನಾನು. ಮೊದಲ ಸಲ ರಿಪೇರಿ ಆಯ್ತು ಅಂತ ಹೇಳಿದವನೂ ನಾನೇ, ಆದರೆ ಆಗ ಅದು ಆಗಿರಲಿಲ್ಲ. ಅದು ಯಾಕೆ ಆಗಿರಲಿಲ್ಲ, ನನಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ಬರೆದಿಡಬೇಕು ಅನ್ನಿಸಿತು. ಇಂಥ ಹಳೆಯ ಸಾಮಾನು ಕೊಳ್ಳುವವರು ಬಹಳ ಜನ ಇದ್ದಾರೆ, ಇದೇ ತಪ್ಪು ಇನ್ನೊಬ್ಬರ ಕೈಯಲ್ಲೂ ಆಗಬಹುದು.

ಹಿನ್ನೆಲೆ

ಅಲ್ಲಿರುವುದು ಒಂದು ವರ್ಟಿಕಲ್ ಮಿಲ್ಲಿಂಗ್ ಮೆಷಿನ್. ಟೇಬಲ್ಲಿಗೆ ಪವರ್ ಫೀಡ್ ಇದೆ, ಉಳಿದದ್ದೆಲ್ಲ ಕೈಯಲ್ಲೇ. ಬರುವ ಕೆಲಸ ಹೆಚ್ಚಾಗಿ ದುಂಡನೆಯ ರಾಡ್‌ಗಳ ತುದಿಗೆ ಎರಡು ಫ್ಲಾಟ್ (ಚಪ್ಪಟೆ ಮುಖ) ಹೊಡೆಯುವುದು, ಇಲ್ಲವೇ ಸ್ಲಾಟ್ ತೆಗೆಯುವುದು. ಇದನ್ನು ವೈಸ್‌ನಲ್ಲಿ ವಿ-ಬ್ಲಾಕ್ ಇಟ್ಟು ಮಾಡುತ್ತಿದ್ದೆವು. ಫ್ಲಾಟ್ ಹೊಡೆಯಲು 40 ಸೆಕೆಂಡ್ ಸಾಕು. ಜಾಬ್ (ಕೆಲಸದ ತುಂಡು) ಕಟ್ಟಿ ಬಿಚ್ಚಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ದಿನಕ್ಕೆ ನೂರಾರು ಸಲ ವೈಸ್ ಹಿಡಿ ತಿರುಗಿಸಿ ಹುಡುಗರ ಮುಂಗೈ ಸೋಲುತ್ತಿತ್ತು.

ಗಾಳಿಯಲ್ಲಿ ಕೆಲಸ ಮಾಡುವ ಕಾಲೆಟ್ ಫಿಕ್ಸ್ಚರ್ ಇದ್ದರೆ ಈ ಕಷ್ಟ ಇಲ್ಲ. ಕಾಲೆಟ್ ಅಂದರೆ ರಾಡ್ ಸುತ್ತ ಮುಚ್ಚಿಕೊಂಡು ಅದನ್ನು ಬಿಗಿಯಾಗಿ ಹಿಡಿಯುವ, ಸೀಳು ಇರುವ ಉಕ್ಕಿನ ಕೊಳವೆ. ಕಾಲಲ್ಲಿ ಪೆಡಲ್ ಒತ್ತಿದರೆ ಹಿಡಿಯುತ್ತದೆ, ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಮುಚ್ಚಿಹೋದ ಒಂದು ಕಾರ್ಖಾನೆಯ ಸಾಮಾನಿನ ಲಾಟ್‌ನಲ್ಲಿ ಇಂಥದ್ದೊಂದು ಕಂಡಾಗ ತೆಗೆದುಕೊಂಡೆವು. ಎರಡು ಕೈಯಲ್ಲಿ ಕಷ್ಟಪಟ್ಟು ಎತ್ತಬೇಕಾದ ದುಂಡನೆಯ ಬೀಡು ಕಬ್ಬಿಣದ ಮುದ್ದೆ. ಜೊತೆಗೆ ಒಂದು ಕಾಲು ಪೆಡಲ್ ವಾಲ್ವ್, ಗಟ್ಟಿಯಾಗಿಹೋದ ಎರಡು ಹೋಸ್, ಒಂದು ಡಬ್ಬದ ತುಂಬ ಕಾಲೆಟ್. ಹೆಸರಿನ ತಗಡು ಇರಲಿಲ್ಲ. ತಗಡು ಇದ್ದ ಜಾಗದಲ್ಲಿ ರಿವೆಟ್ ಹೊಡೆದ ನಾಲ್ಕು ತೂತು ಮಾತ್ರ ಉಳಿದಿದ್ದವು.

ಗುರುತು ಹಿಡಿದದ್ದು

ತಗಡು ಇಲ್ಲದ ಸಾಮಾನು ತನ್ನ ವಿಷಯವನ್ನು ಅಳತೆಯಲ್ಲೇ ಹೇಳುತ್ತದೆ. ಆದರೆ ನಮ್ಮ ಕೈಗೆ ರೂಢಿಯಾದ ಅಳತೆಯಲ್ಲಿ ಓದಲು ಹೋದರೆ ಅದು ತಪ್ಪಾಗಿ ಕೇಳಿಸುತ್ತದೆ. ನನಗೆ ಮೊದಲು ಹಾಗೇ ಆಯಿತು.

ಕಾಲೆಟ್ ಕೂರುವ ಬೋರ್ (ದುಂಡನೆಯ ತೂತು) ಅಳೆದೆ. 31.77 ಮಿ.ಮೀ. ಬಂತು. 32 ಇರಬೇಕು, ಒಳಗೆ ಕೊಳೆ ಕಟ್ಟಿದೆ ಅಂದುಕೊಂಡೆ. ಆಮೇಲೆ ಕಾಲೆಟ್ ತಿರುಚಿಕೊಳ್ಳುವ ಎಳೆ ಕೊಳವೆಯ (ಕಾಲೆಟನ್ನು ಒಳಕ್ಕೆ ಎಳೆಯುವ ಕೊಳವೆ) ಥ್ರೆಡ್‌ಗೆ ಪಿಚ್ ಗೇಜ್ (ಥ್ರೆಡ್‌ಗಳ ನಡುವಿನ ದೂರ ಅಳೆಯುವ ಹಲ್ಲಿನ ಎಲೆಗಳು) ಇಟ್ಟೆ. 1.25 ಮಿ.ಮೀ. ಪಿಚ್‌ನ ಎಲೆ ಚೆನ್ನಾಗಿಯೇ ಕೂತ ಹಾಗೆ ಕಂಡಿತು. ಹಾಗಾದರೆ ಮೆಟ್ರಿಕ್ ಅಂತ ಬರೆದುಕೊಂಡೆ. ಎರಡೂ ತಪ್ಪು. ಎಲೆಯನ್ನು ಬೆಳಕಿಗೆ ಹಿಡಿದು ಉದ್ದಕ್ಕೆ ನೋಡಿದಾಗ ಕೊನೆಯ ಹಲ್ಲುಗಳು ಸ್ವಲ್ಪ ಏರಿ ನಿಂತಿದ್ದವು. ಇಂಚಿಗೆ 20 ಥ್ರೆಡ್ ಅಂದರೆ ಪಿಚ್ 1.27 ಮಿ.ಮೀ. ಒಂದು ಥ್ರೆಡ್‌ಗೆ ವ್ಯತ್ಯಾಸ 0.02 ಮಾತ್ರ, ಕಣ್ಣಿಗೆ ಕಾಣಲ್ಲ. ಹತ್ತು ಥ್ರೆಡ್ ದಾಟಿದರೆ ಅದೇ 0.2 ಆಗುತ್ತದೆ, ಆಗ ಕಾಣುತ್ತದೆ.

ಅಲ್ಲಿಂದ ಎಲ್ಲವನ್ನೂ ಇಂಚಿನಲ್ಲಿ ಓದಿದೆ. 31.75 ಅಂದರೆ ಸರಿಯಾಗಿ ಒಂದೂಕಾಲು ಇಂಚು. ಬೋಲ್ಟ್ ತಲೆಗೆ 14ರ ಸ್ಪ್ಯಾನರ್ ಹೋಗಲಿಲ್ಲ, 15 ಸಡಿಲವಾಯಿತು. 9/16 ಇಂಚು ಹಿಡಿಯಿತು. ತಳದ ಕೀ-ಸ್ಲಾಟ್ 15.88, ಅಂದರೆ 5/8 ಇಂಚು. ನಮ್ಮ ಟೇಬಲ್ಲಿನ ಟಿ-ಸ್ಲಾಟ್ 16 ಮಿ.ಮೀ. ಅದಕ್ಕೆ ಮೆಟ್ಟಿಲು ಇರುವ ಕೀ ಮಾಡಿಕೊಂಡೆವು. ಒಂದೂಕಾಲು ಇಂಚಿನ ಒಡಲು, ಹಿಂಬದಿಯಲ್ಲಿ 20ರ ಥ್ರೆಡ್, ಮುಂದೆ ಒಂದು ಬದಿಗೆ 10 ಡಿಗ್ರಿ ಟೇಪರ್ (ಕಿರಿದಾಗುತ್ತ ಹೋಗುವ ಓರೆ): ಇದು 5ಸಿ ಕಾಲೆಟ್. ಲೇತ್‌ಗಳಲ್ಲೂ ಸ್ಪಿನ್ ಇಂಡೆಕ್ಸ್‌ಗಳಲ್ಲೂ ಬಹಳ ಕಾಲದಿಂದ ಬಳಕೆಯಲ್ಲಿರುವ ಮಾದರಿ. ದುಂಡನೆಯ ರಾಡ್ ಆದರೆ 1 1/8 ಇಂಚಿನವರೆಗೆ, ಅಂದರೆ 28.5 ಮಿ.ಮೀ.ವರೆಗೆ ಹಿಡಿಯುತ್ತದೆ. ಕಾಲೆಟ್ ಈಗಲೂ ಸುಲಭವಾಗಿ ಸಿಗುತ್ತದೆ ಅನ್ನುವುದೇ ದೊಡ್ಡ ನೆಮ್ಮದಿ. ಕಾಲೆಟ್ ಸಿಗದ ಫಿಕ್ಸ್ಚರ್ ಎಷ್ಟು ಚೆನ್ನಾಗಿದ್ದರೂ ಭಾರವಾದ ಕಬ್ಬಿಣ, ಅಷ್ಟೇ.

ಡಬ್ಬದಲ್ಲಿದ್ದ ಕಾಲೆಟ್‌ಗಳ ಬಗ್ಗೆ ಒಂದು ಮಾತು. ನಮ್ಮ ರಾಡ್ 25 ಮಿ.ಮೀ. ಒಂದು ಇಂಚಿನ ಕಾಲೆಟ್ ಕಣ್ಣಿಗೆ ಬಿದ್ದ ಕೂಡಲೇ ಅದನ್ನೇ ಹಾಕಲು ಮನಸ್ಸಾಗುತ್ತದೆ. ಒಂದು ಇಂಚು 25.4. ರಾಡ್ 0.4 ಸಣ್ಣದಾದರೆ 5ಸಿ ಕಾಲೆಟ್ ಬಾಯಿಯ ಅಂಚಿನಲ್ಲಿ ಮಾತ್ರ ಹಿಡಿಯುತ್ತದೆ, ಒಳಗೆ ರಾಡ್ ಅಲುಗುತ್ತದೆ. ಅದರ ಪಕ್ಕದಲ್ಲೇ 63/64 ಅಂತ ಗುದ್ದಿದ ಕಾಲೆಟ್ ಇತ್ತು. ಲೆಕ್ಕ ಹಾಕಿದರೆ 25.003 ಮಿ.ಮೀ. ಮೆಟ್ರಿಕ್ ರಾಡ್‌ಗೆ ಇಂಚಿನ ಡಬ್ಬದಲ್ಲೇ ಹೊಂದುವ ಕಾಲೆಟ್ ಸಿಕ್ಕಿತು.

ಇನ್ನು ಗಾಳಿಯ ತೂತುಗಳು. ಎರಡು ಇದ್ದವು. ಮೇಲಿನದಕ್ಕೆ ಹೋಸ್‌ನ ಫಿಟ್ಟಿಂಗ್ ಇತ್ತು. ಕೆಳಗಿನದಕ್ಕೆ ಷಟ್ಕೋನದ ತಲೆಯ ಒಂದು ಪ್ಲಗ್ ಗಟ್ಟಿಯಾಗಿ ಕೂತಿತ್ತು, ಮೇಲೆ ಹಳೆಯ ಪೇಂಟ್. ನಮ್ಮಲ್ಲಿದ್ದ 1/4 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಫಿಟ್ಟಿಂಗನ್ನು ಮೇಲಿನ ತೂತಿಗೆ ಹಾಕಿದೆ. ಮೊದಲ ಸುತ್ತು ಹೋಯಿತು, ಆಮೇಲೆ ಬಿಗಿಯಿತು. ಅಲ್ಲೇ ನಿಲ್ಲಿಸಿದ್ದು ಒಳ್ಳೆಯದಾಯಿತು. 1/4 ಬಿಎಸ್‌ಪಿಯಲ್ಲಿ ಇಂಚಿಗೆ 19 ಥ್ರೆಡ್, 55 ಡಿಗ್ರಿ. 1/4 ಎನ್‌ಪಿಟಿಯಲ್ಲಿ (ಅಮೆರಿಕದ ಪೈಪ್ ಥ್ರೆಡ್) 18 ಥ್ರೆಡ್, 60 ಡಿಗ್ರಿ. ಟೇಪ್ ಸುತ್ತಿ ಬಲವಂತ ಮಾಡಿದರೆ ಕೂತ ಹಾಗೆ ಕಾಣುತ್ತದೆ, ಬೀಡು ಕಬ್ಬಿಣದ ಥ್ರೆಡ್ ಮಾತ್ರ ಹಾಳಾಗುತ್ತದೆ. ಇದು ಎನ್‌ಪಿಟಿ ತೂತು.

ಕೆಳಗಿನ ಪ್ಲಗ್ ಬಗ್ಗೆ ಅವತ್ತು ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು: "ಎರಡನೇ ತೂತು, ಮುಚ್ಚಿದೆ, ಬೇಕಾಗಿಲ್ಲ." ಯಾಕೆ ಬೇಕಾಗಿಲ್ಲ ಅಂತ ಕೇಳಿಕೊಳ್ಳಲಿಲ್ಲ.

ಮೊದಲ ರಿಪೇರಿ

ಬಿಚ್ಚುವ ಮುಂಚೆ ಒಮ್ಮೆ ಗಾಳಿ ಕೊಟ್ಟು ನೋಡಿದೆ. ಹಿಡಿಯಿತು. ಅರ್ಧ ನಿಮಿಷ ಆಗುವಷ್ಟರಲ್ಲಿ ಹಿಡಿತ ಸಡಿಲವಾಯಿತು. ಒಳಗಿನ ಸೀಲ್ ಹೋಗಿದೆ ಅಂತ ತೀರ್ಮಾನಿಸಿದೆ. ಅದು ನಿಜವೇ. ಆದರೆ ಪೂರ್ತಿ ನಿಜ ಅಲ್ಲ.

ತಳದ ಮುಚ್ಚಳ ತೆಗೆಯುವಾಗ ಎಚ್ಚರ ಬೇಕು. ಪಿಸ್ಟನ್ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರಬಹುದು. ಎಲ್ಲ ಬೋಲ್ಟ್ ಬಿಚ್ಚಿದರೆ ಮುಚ್ಚಳ ಹಾರುತ್ತದೆ. ಎದುರುಬದುರು ಎರಡು ಬೋಲ್ಟ್ ತೆಗೆದು ಆ ಜಾಗಕ್ಕೆ ಉದ್ದನೆಯ ಸ್ಟಡ್ ಮತ್ತು ನಟ್ ಹಾಕಿದೆ. ಆಮೇಲೆ ಉಳಿದದ್ದನ್ನು ತೆಗೆದು, ನಟ್‌ಗಳನ್ನು ಒಂದೊಂದೇ ಸುತ್ತು ಸಡಿಲಿಸಿದೆ. ನಿಜವಾಗಿಯೂ ಆರು ಸ್ಪ್ರಿಂಗ್ ಇದ್ದವು. ಹಿಡಿದ ಸ್ಥಿತಿಯಲ್ಲಿ ಆರೂ ಸೇರಿ ಸುಮಾರು 450 ನ್ಯೂಟನ್ ತಳ್ಳುತ್ತವೆ.

ಒಳಗಿನ ರಚನೆ ಸರಳ. ಪಿಸ್ಟನ್ನಿನ ಮಧ್ಯದಲ್ಲಿ ಎಳೆ ಕೊಳವೆ. ಗಾಳಿ ಮೇಲಿನಿಂದ ಬಂದು ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತದೆ. ಕೊಳವೆ ಕಾಲೆಟನ್ನು ಟೇಪರ್‌ನೊಳಗೆ ಎಳೆಯುತ್ತದೆ, ಕಾಲೆಟ್ ಮುಚ್ಚಿಕೊಳ್ಳುತ್ತದೆ. ಗಾಳಿಯನ್ನು ಹೊರಗೆ ಬಿಟ್ಟರೆ ಸ್ಪ್ರಿಂಗ್ ಪಿಸ್ಟನ್ನನ್ನು ಮೇಲಕ್ಕೆ ತಳ್ಳಿ ಕಾಲೆಟ್ ತೆರೆಯುತ್ತದೆ. ಸಿಲಿಂಡರ್ ಬೋರ್ 127 ಮಿ.ಮೀ., ಕೊಳವೆಯ ಹೊರಗಿನ ವ್ಯಾಸ 44.45. ಲೆಕ್ಕ ಹಾಕಿದರೆ ಗಾಳಿ ಒತ್ತುವ ಜಾಗ ಸುಮಾರು 11,100 ಚದರ ಮಿ.ಮೀ. 6 ಬಾರ್ ಒತ್ತಡಕ್ಕೆ ಸುಮಾರು 6,670 ನ್ಯೂಟನ್. ಸ್ಪ್ರಿಂಗಿನ 450 ಕಳೆದರೆ 6,220. ಟೇಪರ್‌ನ ಇಳಿಜಾರು ಇದನ್ನು ಸುಮಾರು ಮೂರು ಪಟ್ಟು ಮಾಡಿ ರಾಡ್ ಮೇಲೆ ಹಾಕುತ್ತದೆ. ನಮ್ಮ ಕೆಲಸಕ್ಕೆ ಧಾರಾಳ.

ಸೀಮೆಎಣ್ಣೆಯಲ್ಲಿ ತೊಳೆದೆ. ಟೇಪರ್‌ನಲ್ಲಿ ಒಂದು ಚೂರು ಉಕ್ಕಿನ ಬುರಾದೆ ಅಂಟಿ ಗಟ್ಟಿಯಾಗಿತ್ತು. ಹಿತ್ತಾಳೆಯ ಚೂಪಿನಿಂದ ಕೆರೆದು ತೆಗೆದೆ. ಅಷ್ಟಕ್ಕೇ ಟೆಸ್ಟ್ ಬಾರ್‌ನ (ಪರೀಕ್ಷೆಗೆ ಹಿಡಿಸುವ ರಾಡ್) ಓಲಾಟ 0.03ರಿಂದ 0.012 ಮಿ.ಮೀ.ಗೆ ಇಳಿಯಿತು. ಕಾಲೆಟ್ ತಿರುಗದಂತೆ ತಡೆಯುವ ಸಣ್ಣ ಕೀ-ಪಿನ್ ತುಂಡಾಗಿತ್ತು. ಹೊಸದು ಮಾಡಿ ಹಾಕಿದೆ. ಪಿನ್ ಒಂದು ಕೂದಲು ಉದ್ದವಾದರೂ ಕಾಲೆಟ್‌ನ ಕೀ-ಸ್ಲಾಟಿನ ತಳಕ್ಕೆ ಒತ್ತುತ್ತದೆ, ಹಾಗಾಗಿ ಇದನ್ನು ಮೂರು ಸಲ ಉಜ್ಜಿ ನೋಡಿ ಕೂರಿಸಿದೆ.

ಪಿಸ್ಟನ್ನಿನ ಒ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಮರದ ಹಾಗೆ ಗಟ್ಟಿಯಾಗಿತ್ತು. ಅದರ ದಪ್ಪ 4.9 ಬಂತು. 5 ಮಿ.ಮೀ. ದಪ್ಪದ್ದನ್ನು ತಂದು ಹಾಕಿದೆ. ಸಿಲಿಂಡರ್ ಗೋಡೆಯ ಕೆಳಭಾಗದಲ್ಲಿ ತುಕ್ಕಿನ ಒಂದು ಪಟ್ಟಿ ಇತ್ತು. ನಯವಾದ ಎಮರಿಯಿಂದ ಉಜ್ಜಿದೆ, ಬಣ್ಣ ಹೋಯಿತು. ಕುಳಿಗಳು ಉಳಿದವು. ಸಣ್ಣವು ಅಲ್ವಾ ಅಂತ ಬಿಟ್ಟೆ.

ಜೋಡಿಸಿ 6 ಬಾರ್ ಕೊಟ್ಟೆ. ಅರ್ಧ ನಿಮಿಷ ಕಾದೆ. ಎರಡು ನಿಮಿಷ ಕಾದೆ. ಗಟ್ಟಿಯಾಗಿ ಹಿಡಿದಿತ್ತು. ಸದ್ದಿಲ್ಲ, ಸೋರಿಕೆ ಇಲ್ಲ. ಎಲ್ಲರಿಗೂ ಖುಷಿ.

ಜಾಬ್ ತಿರುಗಿದ ದಿನ

ಕೆಲವು ವಾರ ಫ್ಲಾಟ್ ಹೊಡೆಯುವ ಕೆಲಸ ಸಲೀಸಾಗಿ ನಡೆಯಿತು. ಹಿಡಿ, 40 ಸೆಕೆಂಡ್ ಕಟಿಂಗ್, ಬಿಡು. ಆಮೇಲೆ ಬೇರೆ ಥರದ ಕೆಲಸ ಬಂತು. ಅದೇ 25ರ ರಾಡ್, ಆದರೆ ತುದಿಯಲ್ಲಿ ಆಳವಾದ ಸ್ಲಾಟ್. ಒಂದು ಜಾಬ್‌ಗೆ ಏಳೆಂಟು ನಿಮಿಷ.

ನಾಲ್ಕನೇ ಜಾಬ್‌ನ ಕೊನೆಯ ಪಾಸ್‌ನಲ್ಲಿ ರಾಡ್ ತಿರುಗಿತು. ಎಂಡ್ ಮಿಲ್ ಕಟರ್ ಮುರಿದು ಚೂರು ಗಾರ್ಡ್‌ಗೆ ಬಡಿಯಿತು. ಗಾರ್ಡ್ ಇದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಓಡಿ ಹೋಗಿ ಗೇಜ್ ನೋಡಿದೆ. ಮುಳ್ಳು 6 ಬಾರ್‌ನಲ್ಲೇ ನಿಂತಿತ್ತು.

ಗಾಳಿ ಸರಿಯಾಗಿದೆ, ಹಾಗಾದರೆ ಹಿಡಿತ ಯಾಕೆ ಬಿಟ್ಟಿತು? ನನಗೆ ಹೊಳೆದ ಉತ್ತರ ಒಂದೇ, ಪೆಡಲ್ ಮೇಲೆ ಕಾಲು ಬಿದ್ದಿರಬೇಕು. ಮೆಷಿನ್ ಮುಂದೆ ಇದ್ದ ಹುಡುಗನನ್ನು ಕೇಳಿದೆ. ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಇಲ್ಲ ಅಣ್ಣಾ, ಕಾಲು ಪೆಡಲ್ ಹತ್ರಾನೇ ಇರ್ಲಿಲ್ಲ" ಅಂದ.

ನಾನು ನಂಬಲಿಲ್ಲ. ಪೆಡಲ್‌ಗೆ ತಗಡಿನ ಮುಚ್ಚಳ ಮಾಡಿ ಹಾಕಿಸಿದೆ. ಅದು ಹೇಗೂ ಬೇಕಾದದ್ದೇ, ತೆರೆದ ಪೆಡಲ್ ಯಾವಾಗಲೂ ಅಪಾಯ. ಆದರೆ ನಾನು ಅದನ್ನು ಹಾಕಿಸಿದ ಕಾರಣ ತಪ್ಪು. ಮಾರನೇ ದಿನ ಮುಚ್ಚಳ ಇರುವಾಗಲೇ ಇನ್ನೊಂದು ರಾಡ್ ಜಾರಿತು. ಈ ಸಲ ನಾನೇ ಪಕ್ಕದಲ್ಲಿ ನಿಂತಿದ್ದೆ. ಹುಡುಗನ ಕಾಲು ಪೆಡಲ್‌ನಿಂದ ಎರಡು ಅಡಿ ದೂರ ಇತ್ತು.

ಅವನ ಹತ್ತಿರ ಕ್ಷಮೆ ಕೇಳಿದೆ. ಆಮೇಲೆ ಕೇಳಿದೆ, "ಇಷ್ಟು ದಿನ ಇದರ ಜೊತೆ ಇದ್ದೀಯ. ಏನಾದ್ರೂ ಬೇರೆ ಥರ ಅನ್ನಿಸಿದೆಯಾ?"

ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಒಂದು ಇದೆ ಅಣ್ಣಾ. ಫ್ಲಾಟ್ ಕೆಲಸದಲ್ಲಿ ಬಿಟ್ಟಾಗ ಮೆಲ್ಲಗೆ ತೆರ್ಕೊಳ್ಳುತ್ತೆ. ಈ ಸ್ಲಾಟ್ ಕೆಲಸದಲ್ಲಿ ಬಿಟ್ಟಾಗ ಠಪ್ ಅಂತ ತೆರ್ಕೊಳ್ಳುತ್ತೆ."

ಇಡೀ ಪ್ರಕರಣ ತಿರುಗಿದ್ದು ಈ ಒಂದು ಮಾತಿನಿಂದ. ತೆರೆಯುವುದು ಸ್ಪ್ರಿಂಗ್. ಸ್ಪ್ರಿಂಗಿನ ಬಲ 40 ಸೆಕೆಂಡ್ ಆದರೂ ಅಷ್ಟೇ, ಎಂಟು ನಿಮಿಷ ಆದರೂ ಅಷ್ಟೇ. ಹೊತ್ತು ಕಳೆದ ಹಾಗೆ ಜಾಸ್ತಿ ಜೋರಾಗಿ ತೆರೆಯುತ್ತದೆ ಅಂದರೆ ಸ್ಪ್ರಿಂಗ್ ಅಲ್ಲದ ಇನ್ನೇನೋ ಕೆಳಗಿನಿಂದ ತಳ್ಳುತ್ತಿದೆ.

ಎರಡನೇ ಗೇಜ್

ಕೆಳಗಿನ ಪ್ಲಗ್ ತೆಗೆದೆ. ಆ ತೂತಿಗೆ ಒಂದು ಸಣ್ಣ ಗೇಜ್ ಹಾಕಿದೆ. ಕಾಲೆಟ್‌ನಲ್ಲಿ ಷಟ್ಕೋನದ ತಲೆ ಇರುವ 25ರ ಟೆಸ್ಟ್ ಬಾರ್ ಹಿಡಿಸಿ 6 ಬಾರ್ ಕೊಟ್ಟೆ. ಇಬ್ಬರೂ ಸ್ಟೂಲ್ ಹಾಕಿಕೊಂಡು ಕೂತೆವು.

ಹಿಡಿದ ಕೂಡಲೇ ಕೆಳಗಿನ ಗೇಜ್ ಒಂದು ಚೂರು ಅಲುಗಿತು. ಟಾರ್ಕ್ ರೆಂಚ್‌ನಲ್ಲಿ ಬಾರ್ ತಿರುಗಿಸಿ ನೋಡಿದರೆ 32 ನ್ಯೂಟನ್-ಮೀಟರ್‌ಗೆ ಜಾರಿತು. ಎರಡು ನಿಮಿಷಕ್ಕೆ ಕೆಳಗಿನ ಮುಳ್ಳು 1 ಬಾರ್ ದಾಟಿತು. ಏಳನೇ ನಿಮಿಷಕ್ಕೆ 3 ಬಾರ್. ಆಗ ತಿರುಗಿಸಿದರೆ 12ಕ್ಕೇ ಜಾರಿತು. ಇಪ್ಪತ್ತು ನಿಮಿಷ ಆದಾಗ ಬಾರನ್ನು ಬರಿಗೈಯಲ್ಲಿ ತಿರುಗಿಸಿದೆ. ಮೇಲಿನ ಗೇಜ್ ಆಗಲೂ 6 ತೋರಿಸುತ್ತಿತ್ತು.

ಆ ಕೆಳಗಿನ ತೂತು ಉಸಿರಾಡುವ ತೂತು. ಪಿಸ್ಟನ್ ಕೆಳಗಿನ ಕೋಣೆ ಯಾವಾಗಲೂ ಹೊರಗಿನ ಗಾಳಿಗೆ ತೆರೆದಿರಬೇಕು. ಒ-ರಿಂಗ್ ದಾಟಿ ಸ್ವಲ್ಪ ಗಾಳಿ ಕೆಳಗೆ ಬಂದರೂ ಅದು ಹೊರಗೆ ಹೋಗುತ್ತದೆ, ಹಿಡಿತಕ್ಕೆ ತೊಂದರೆ ಇಲ್ಲ. ಅದನ್ನು ಮುಚ್ಚಿದರೆ ಬಂದ ಗಾಳಿ ಅಲ್ಲೇ ಸೇರುತ್ತದೆ, ಪಿಸ್ಟನ್ನನ್ನು ಕೆಳಗಿನಿಂದ ಒತ್ತುತ್ತದೆ. ಹಿಡಿತ ಬರುವುದು ಮೇಲಿನ ಒತ್ತಡದಿಂದಲ್ಲ, ಮೇಲಿನ ಮತ್ತು ಕೆಳಗಿನ ಒತ್ತಡದ ವ್ಯತ್ಯಾಸದಿಂದ. ಕೆಳಗೆ 3 ಬಾರ್ ಸೇರಿದಾಗ 6,220 ನ್ಯೂಟನ್ ಇದ್ದ ಎಳೆತ 2,900ರ ಸುಮಾರಿಗೆ ಇಳಿಯುತ್ತದೆ. ಕೆಳಗೆ 5.6 ಬಾರ್ ಆದರೆ ಉಳಿದದ್ದನ್ನು ಸ್ಪ್ರಿಂಗ್ ತಿಂದುಹಾಕುತ್ತದೆ.

ಕೆಳಗಿನ ಕೋಣೆ ತೀರಾ ಸಣ್ಣದು, 90 ಮಿಲಿಲೀಟರ್ ಅಷ್ಟೇ. ಅದನ್ನು ತುಂಬಲು ಇಪ್ಪತ್ತು ನಿಮಿಷದಲ್ಲಿ ಹೊರಗಿನ ಗಾಳಿಯ ಲೆಕ್ಕದಲ್ಲಿ ಅರ್ಧ ಲೀಟರ್ ಸೋರಿದರೆ ಸಾಕು. ಗೇಜ್ ತೆಗೆದು ತೂತನ್ನು ತೆರೆದಿಟ್ಟು ಕಿವಿ ಕೊಟ್ಟೆ, ಏನೂ ಕೇಳಲಿಲ್ಲ. ಸೋಪಿನ ನೀರು ಹಚ್ಚಿದಾಗ ಗುಳ್ಳೆಯೊಂದು ನಿಧಾನಕ್ಕೆ ಊದಿಕೊಂಡಿತು. ತೂತು ತೆರೆದಿದ್ದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸೋರಿಕೆ ಅದು.

ಇಲ್ಲಿ ನನ್ನನ್ನು ಬಹಳ ಕಾಡಿದ ವಿಷಯ ಬೇರೆ. ನನ್ನ ಮೊದಲ ರಿಪೇರಿ ತೊಂದರೆಯನ್ನು ಕಳೆಯಲಿಲ್ಲ, ಅಡಗಿಸಿತು. ಹಳೆಯ ಒ-ರಿಂಗ್ ಇದ್ದಾಗ ಅರ್ಧ ನಿಮಿಷಕ್ಕೇ ಹಿಡಿತ ಹೋಗುತ್ತಿತ್ತು. ಯಾರೂ ಅದನ್ನು ನಂಬಿ ಕಟಿಂಗ್ ಶುರು ಮಾಡುತ್ತಿರಲಿಲ್ಲ. ಅರೆಬರೆ ಹೊಂದುವ ಹೊಸ ರಿಂಗ್ ಹಾಕಿದ ಮೇಲೆ ಅದೇ ಕೆಲಸ ಏಳು ನಿಮಿಷಕ್ಕೆ ಆಗತೊಡಗಿತು, ಕಟರ್ ಲೋಹದೊಳಗೆ ಆಳವಾಗಿ ಇಳಿದಿರುವಾಗ. ನಾನು ಎರಡು ನಿಮಿಷ ಪರೀಕ್ಷೆ ಮಾಡಿ ಎಂಟು ನಿಮಿಷದ ಕೆಲಸಕ್ಕೆ ಬಿಟ್ಟಿದ್ದೆ.

ಪ್ಲಗ್ ಹಾಕಿದವರು ಯಾರು, ಯಾಕೆ? ಊಹೆ ಮಾಡಬಹುದು. ಸೀಲ್ ಸವೆದಾಗ ಈ ತೂತಿನಿಂದ ಬುಸ್ ಅಂತ ಗಾಳಿ ಬರುತ್ತದೆ. ಸೋರುವ ಜಾಗ ಮುಚ್ಚಿದರೆ ಸೋರಿಕೆ ನಿಲ್ಲುತ್ತದೆ ಅನ್ನುವುದು ಯಾರಿಗಾದರೂ ಬರುವ ಯೋಚನೆ. ಸದ್ದು ನಿಂತಿತು, ಹಿಡಿತವೂ ಹೋಯಿತು. ತುಕ್ಕಿನ ಪಟ್ಟಿಗೂ ಇದೇ ಕಾರಣ ಇರಬೇಕು. ಕಂಪ್ರೆಸರ್ ಗಾಳಿಯ ಜೊತೆ ಬಂದ ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಅಲ್ಲೇ ನಿಂತು ಗೋಡೆಯನ್ನು ತಿಂದಿತು.

ಎರಡನೇ ರಿಪೇರಿ

ಪ್ಲಗ್ ತೆಗೆದರೆ ಅರ್ಧ ಕೆಲಸ ಮುಗಿಯಿತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸೋರುವ ಸೀಲ್ ಇನ್ನಷ್ಟು ಸವೆಯುತ್ತದೆ, ಗಾಳಿಯ ಜೊತೆ ನೀರೂ ಇಳಿಯುತ್ತದೆ. ಪೂರ್ತಿ ಬಿಚ್ಚಿದೆ.

ಈ ಸಲ ಹಳೆಯ ರಿಂಗನ್ನು ಅಳೆಯಲಿಲ್ಲ, ಅದು ಕೂರುವ ಗ್ರೂವ್ (ಸುತ್ತಲೂ ಕೊರೆದ ಕಾಲುವೆ) ಅಳೆದೆ. ವರ್ಷಗಟ್ಟಲೆ ಒತ್ತಿಕೊಂಡು ಇದ್ದ ರಬ್ಬರ್ ತನ್ನ ಮೊದಲ ಅಳತೆಯನ್ನು ಹೇಳುವುದಿಲ್ಲ. ಚಪ್ಪಟೆಯಾಗಿರುತ್ತದೆ, ಕುಗ್ಗಿರುತ್ತದೆ, ಇಲ್ಲವೇ ಎಣ್ಣೆ ಕುಡಿದು ಉಬ್ಬಿರುತ್ತದೆ. ಲೋಹ ಸುಳ್ಳು ಹೇಳಲ್ಲ. ಗ್ರೂವ್ ತಳದಿಂದ ಸಿಲಿಂಡರ್ ಗೋಡೆಗೆ 4.70, ಗ್ರೂವ್ ಅಗಲ 7.2. ಇಂಚಿನ ಒ-ರಿಂಗ್‌ಗಳ ಮುಖ್ಯ ದಪ್ಪಗಳು ಐದು: 1.78, 2.62, 3.53, 5.33, 6.99. ಇಲ್ಲಿ ಹೊಂದುವುದು 5.33. ಅದು ಸುಮಾರು 12 ಪರ್ಸೆಂಟ್ ಒತ್ತಿಕೊಳ್ಳುತ್ತದೆ, ಗಾಳಿಯಲ್ಲಿ ಓಡಾಡುವ ಸೀಲ್‌ಗೆ ಅದು ಸರಿ. ನಾನು ಹಾಕಿದ್ದ 5 ಮಿ.ಮೀ. ರಿಂಗ್ 6 ಪರ್ಸೆಂಟ್ ಮಾತ್ರ ಒತ್ತಿಕೊಳ್ಳುತ್ತಿತ್ತು. ನೈಟ್ರೈಲ್ ರಬ್ಬರ್, 70 ಶೋರ್ ಗಡಸಿನದ್ದನ್ನು ತರಿಸಿದೆ. ಒಂದು ಎಚ್ಚರಿಕೆ: ಕಂಪ್ರೆಸರ್‌ಗೆ ಹಾಕುವ ಕೆಲವು ಸಿಂಥೆಟಿಕ್ ಎಣ್ಣೆಗಳು, ಡೈಎಸ್ಟರ್ ಜಾತಿಯವು, ನೈಟ್ರೈಲ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಎಣ್ಣೆಯ ಡಬ್ಬ ನೋಡಿಯೇ ರಬ್ಬರ್ ಆರಿಸಬೇಕು.

ಗೋಡೆಯ ಕುಳಿಗಳು ದೊಡ್ಡ ಪ್ರಶ್ನೆಯಾದವು. ಪಟ್ಟಿಯ ಅಗಲ ಸುಮಾರು 7 ಮಿ.ಮೀ. ಕಾಲೆಟ್ ಹಿಡಿದಾಗ ಒ-ರಿಂಗ್ ಕೂರುವುದು ಸರಿಯಾಗಿ ಅದರ ಮೇಲೆ. ಎಷ್ಟು ಒಳ್ಳೆಯ ರಿಂಗ್ ಹಾಕಿದರೂ ಕುಳಿಯ ದಾರಿಯಲ್ಲಿ ಗಾಳಿ ನುಸುಳುತ್ತದೆ. ಕುಳಿ ಹೋಗುವವರೆಗೆ ಹೋನ್ ಮಾಡಿದರೆ (ಕಲ್ಲಿನಿಂದ ಉಜ್ಜಿದರೆ) ಬೋರ್ ದೊಡ್ಡದಾಗಿ ರಿಂಗ್ ಸಡಿಲವಾಗುತ್ತದೆ. ಬೋರ್ ಮಾಡಿ ಸ್ಲೀವ್ (ಒಳಗೆ ಕೂರುವ ಕೊಳವೆ) ಹಾಕಬಹುದು, ಗೆಳೆಯರೊಬ್ಬರು ಅದನ್ನೇ ಹೇಳಿದರು. ಕೆಲಸ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಬೀಡು ಕಬ್ಬಿಣದ ಗೋಡೆ ಎಲ್ಲೆಲ್ಲಿ ಎಷ್ಟು ದಪ್ಪ ಇದೆ ಅಂತ ಹೊರಗಿನಿಂದ ಕಾಣಲ್ಲ. ಬಾಡಿ ಒಮ್ಮೆ ಕೆಟ್ಟರೆ ಇಡೀ ಫಿಕ್ಸ್ಚರ್ ಗುಜರಿಗೆ.

ಎರಡು ದಿನ ಅದನ್ನು ಬೆಂಚ್ ಮೇಲೆ ಹಾಗೇ ಇಟ್ಟೆ. ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಾಗ ಗಮನಿಸಿದೆ. ಅದರ ದಪ್ಪ 31.75. ಗ್ರೂವ್ ಇರುವುದು ಕೆಳ ಅಂಚಿನ ಕಡೆಗೆ. ಮೇಲೆ ಬೇಕಾದಷ್ಟು ಲೋಹ ಸುಮ್ನೆ ಇದೆ. ಗೋಡೆಯನ್ನು ಯಾಕೆ ಸರಿಮಾಡಬೇಕು, ರಿಂಗನ್ನೇ ಒಳ್ಳೆಯ ಗೋಡೆಯ ಮೇಲೆ ಓಡುವ ಹಾಗೆ ಮಾಡಿದರೆ ಆಯಿತಲ್ಲ? ಪಿಸ್ಟನ್ನನ್ನು ಲೇತ್‌ಗೆ ಕಟ್ಟಿ, ಡಯಲ್ ನೋಡಿ ನೇರ ಮಾಡಿ, ಹಳೆಯ ಗ್ರೂವ್‌ನಿಂದ 12 ಮಿ.ಮೀ. ಮೇಲೆ ಅದೇ ಅಳತೆಯ ಹೊಸ ಗ್ರೂವ್ ಕೊರೆದೆ. ಅಂಚುಗಳನ್ನು ನಯ ಮಾಡಿದೆ. ಚೂಪು ಅಂಚು ರಿಂಗನ್ನು ಮೊದಲ ದಿನವೇ ಕೊಯ್ಯುತ್ತದೆ. ಹೊಸ ರಿಂಗ್ ಓಡಾಡುವ ಜಾಗದಲ್ಲಿ ಗೋಡೆ ಹೊಸದರಂತೆ ಇತ್ತು. ಪಿಸ್ಟನ್ ಹಾಳಾಗಿದ್ದರೂ ಇನ್ನೊಂದು ತಿರುಗಿಸಿಕೊಳ್ಳಬಹುದಿತ್ತು. ಬಾಡಿಯನ್ನು ಮುಟ್ಟದೇ ಇದ್ದದ್ದಕ್ಕೆ ಈಗಲೂ ಸಮಾಧಾನ ಇದೆ.

ಜೋಡಿಸುವ ಮುಂಚೆ ಬಾಡಿಗೆ ಡೈ ಪೆನೆಟ್ರಂಟ್ (ಬಿರುಕಿಗೆ ಇಳಿಯುವ ಬಣ್ಣ) ಹಾಕಿ ಬಿರುಕು ಇದೆಯಾ ಅಂತ ನೋಡಿದೆ. ಜೋಡಿಸಿದ ಮೇಲೆ ಮೊದಲ ಒತ್ತಡ ಗಾಳಿಯದ್ದಲ್ಲ, ಎಣ್ಣೆಯದ್ದು. ಕೈ ಪಂಪ್‌ನಲ್ಲಿ 9 ಬಾರ್. ಹಳೆಯ ಬೀಡು ಕಬ್ಬಿಣ ಒಡೆದರೆ, ಒಳಗೆ ಎಣ್ಣೆ ಇದ್ದಾಗ ತೊಟ್ಟಿಕ್ಕುತ್ತದೆ. ಒಳಗೆ ಗಾಳಿ ಇದ್ದಾಗ ಸಿಡಿಯುತ್ತದೆ. ಇದನ್ನು ನಾನು ಮೊದಲ ರಿಪೇರಿಯಲ್ಲೇ ಮಾಡಬೇಕಿತ್ತು.

ಕೆಳಗಿನ ತೂತಿಗೆ ಕಂಚಿನ ಪುಡಿಯಿಂದ ಮಾಡಿದ ಬ್ರೀದರ್ ಹಾಕಿದೆ. ನೇರವಾಗಿ ಅಲ್ಲ. ಒಂದು ಎಲ್ಬೋ ಹಾಕಿ, ಕೊಳವೆಯನ್ನು ಕೂಲಂಟ್ ತಾಗದ ಕಡೆಗೆ ಒಯ್ದು, ಬಾಯಿ ಕೆಳಮುಖ ಮಾಡಿ ಅದರ ತುದಿಗೆ. ಬುರಾದೆಯಿಂದ ಬ್ರೀದರ್ ಕಟ್ಟಿಕೊಂಡರೆ ಅದೂ ಒಂದು ಪ್ಲಗ್ಗೇ. ಗಾಳಿ ಬರುವ ಕಡೆ ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್ ಹಾಕಿದೆವು. ವಾಲ್ವ್‌ಗೆ ಮುಂಚೆ ಒಂದು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವುದು), ಕಂಪ್ರೆಸರ್ ನಿಂತರೂ ಹಿಡಿತ ತಕ್ಷಣ ಹೋಗದಿರಲಿ ಅಂತ. ಫಿಕ್ಸ್ಚರ್ ಹತ್ತಿರದಲ್ಲೇ ಒಂದು ಪ್ರೆಷರ್ ಸ್ವಿಚ್, 5 ಬಾರ್‌ಗಿಂತ ಕೆಳಗಿಳಿದರೆ ಟೇಬಲ್ ಫೀಡ್ ನಿಲ್ಲುತ್ತದೆ. ಆದರೆ ಮರೆಯಬಾರದ ವಿಷಯ, ನಮಗಾದ ತೊಂದರೆಯನ್ನು ಈ ಸ್ವಿಚ್ ಹಿಡಿಯುತ್ತಿರಲಿಲ್ಲ. ಮೇಲಿನ ಒತ್ತಡ ಯಾವತ್ತೂ ಇಳಿದೇ ಇರಲಿಲ್ಲ.

ನಂತರ

ಅದೇ ಟೆಸ್ಟ್ ಬಾರ್, ಅದೇ ಟಾರ್ಕ್ ರೆಂಚ್. ಹಿಡಿದ ಕೂಡಲೇ 31. ಹತ್ತು ನಿಮಿಷಕ್ಕೆ 31. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದೆವು, 31. ತೂತಿಗೆ ಹಚ್ಚಿದ ಸೋಪಿನ ಪದರ ಹಾಗೇ ಇತ್ತು. ತೆರೆಯುವ ಸದ್ದು ಈಗ ಒಂದು ನಿಮಿಷಕ್ಕೂ ಅರ್ಧ ಗಂಟೆಗೂ ಒಂದೇ.

ಸ್ಲಾಟ್ ಕೆಲಸ ಪೂರ್ತಿ ಮುಗಿಯಿತು, ಒಂದು ರಾಡೂ ಅಲುಗಲಿಲ್ಲ. ಈಗ ಅಲ್ಲಿ ಒಂದು ರೂಢಿ ಇದೆ. ಹೊಸ ಥರದ ಜಾಬ್ ಬಂದಾಗ, ಆ ಜಾಬ್‌ನ ಕಟಿಂಗ್‌ಗೆ ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು ಹೊತ್ತು ಟೆಸ್ಟ್ ಬಾರ್ ಹಿಡಿಸಿಟ್ಟು, ಆಮೇಲೆ ಟಾರ್ಕ್ ರೆಂಚ್ ಹಾಕುತ್ತಾರೆ. ಕಾಲೆಟ್ ಖಾಲಿ ಇರುವಾಗ ಪೆಡಲ್ ಒತ್ತಬಾರದು ಅನ್ನುವುದೂ ರೂಢಿಯಾಗಿದೆ. ರಾಡ್ ಇಲ್ಲದೆ ಅಷ್ಟು ಬಲದಲ್ಲಿ ಎಳೆದರೆ ಕಾಲೆಟ್‌ನ ಬಾಯಿ ಕುಗ್ಗಿ ಹಾಗೇ ಉಳಿಯಬಹುದು. ಎರಡನೇ ಗೇಜನ್ನು ನಾನು ಟೂಲ್ ಬಾಕ್ಸ್‌ನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಇನ್ನೊಂದು ಕಡೆ ಏರ್ ವೈಸ್ ಒಂದು "ಆಗಾಗ ಸಡಿಲ ಆಗುತ್ತೆ" ಅಂದಾಗ ಮೊದಲು ಹಾಕಿ ನೋಡಿದ್ದು ಅದನ್ನೇ.

ಹೆಸರಿನ ತಗಡು ಇಲ್ಲ ಅಂತ ಮೊದಲೇ ಹೇಳಿದೆ. ಆ ನಾಲ್ಕು ತೂತಿಗೆ ಸರಿಯಾಗಿ ಒಂದು ಹಿತ್ತಾಳೆ ತಗಡು ಕತ್ತರಿಸಿ, ಅಕ್ಷರ ಗುದ್ದಿ ರಿವೆಟ್ ಹೊಡೆದೆವು. ಗುದ್ದಿದವನು ಆ ಹುಡುಗನೇ. ಅದರ ಮೇಲೆ ಹೀಗಿದೆ: "5ಸಿ ಕಾಲೆಟ್. ಗಾಳಿ 6 ಬಾರ್. ತೂತು 1/4 ಎನ್‌ಪಿಟಿ. ಒ-ರಿಂಗ್ ದಪ್ಪ 5.33. ಒಳಗೆ ಸ್ಪ್ರಿಂಗ್ ಇದೆ. ಕೆಳಗಿನ ತೂತು ಮುಚ್ಚಬೇಡಿ."